ಹಾಡಿನ ಆಲ್ಬಂಗೆ ಹೊದಿಕೆ ಆರಿಸುವ ಮುನ್ನ

ಗದಗ ಜಿಲ್ಲೆಯ ಮುಂಡರಗಿ ತಾಲೂಕಿನಲ್ಲಿ, ತುಂಗಭದ್ರಾ ನದಿಯ ದಂಡೆಯ ಮೇಲೆ ಸಿಂಗಟಾಲೂರು ಎಂಬ ಊರಿದೆ. ವೀರಭದ್ರೇಶ್ವರ ದೇವಸ್ಥಾನದಿಂದಾಗಿ ಈ ಊರು ಆ ಭಾಗದಲ್ಲೆಲ್ಲ ಹೆಸರುವಾಸಿ. ನಾವು ಇನ್ನೂ ಗುರುಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ, ಧ್ವನಿಸುರುಳಿಗಳ ಕಾಲ ಮುಗಿಯುತ್ತಾ ಬಂದಿದ್ದಾಗ, ಒಮ್ಮೆ ಆ ಕಡೆಗೆ ಹೋಗುವ ಅವಕಾಶ ಒದಗಿತ್ತು. ದಾರಿಯ ಬದಿಯ ಒಂದು ಸಣ್ಣ ಅಂಗಡಿಯಲ್ಲಿ ವೀರಭದ್ರನ ಪದಗಳ ಕ್ಯಾಸೆಟ್ ಹಾಕಿದ್ದರು. ಕರಡಿ, ಸಮ್ಮಾಳದ ಬಡಿತದ ನಡುವೆ ಒಬ್ಬ ಹೆಣ್ಣುಮಗಳ ಕಂಠ ಕೇಳಿಸಿತು. ಹಾಗೆ ಹಾಡುವವರನ್ನು ನಾವು ಕರಾವಳಿಯಲ್ಲಿ ಕೇಳಿರಲಿಲ್ಲ. ಕ್ಯಾಸೆಟ್ ಕೊಂಡುಕೊಂಡೆವು.

ಹೊದಿಕೆಯ ಕಾಗದವನ್ನು ಬಿಡಿಸಿ ನೋಡಿದರೆ ದೇವರ ಬಣ್ಣದ ಚಿತ್ರ, ಕಂಪನಿಯ ಹೆಸರು, ಎಂಟು ಹಾಡುಗಳ ಮೊದಲ ಸಾಲುಗಳು, ಮುಖ್ಯ ಗಾಯಕರೊಬ್ಬರ ಹೆಸರು, ಅದರ ಮುಂದೆ ‘ಮತ್ತು ಸಂಗಡಿಗರು’. ಆ ಹೆಣ್ಣುಮಗಳು ಎಲ್ಲಿಯೋ ಆ ‘ಸಂಗಡಿಗರು’ ಎಂಬ ಪದದೊಳಗೆ ಇದ್ದರು. ಅಂಗಡಿಯವರನ್ನು ಕೇಳಿದೆವು. “ಯಾರೋ ನಮ್ಮ ಕಡೆಯವರ ಇರಬೇಕ್ರೀ” ಎಂದರು. ಆಕೆ ಯಾರೆಂದು ನಮಗೆ ಇಂದಿಗೂ ತಿಳಿದಿಲ್ಲ.

ಈಚೆಗೆ ನಮ್ಮ ಧರ್ಮಕೇಂದ್ರಗಳ ಗಾಯನ ಮಂಡಳಿಗಳಿಂದ ಒಂದು ಪ್ರಶ್ನೆ ಆಗಾಗ ಬರುತ್ತಿದೆ: “ಫಾದರ್, ಆಲ್ಬಂ ಬಿಡುಗಡೆ ಮಾಡಬೇಕೆಂದಿದ್ದೇವೆ. ಯಾವ ಬಗೆಯ ಹೊದಿಕೆ ಒಳ್ಳೆಯದು? ಡಿಸೈನ್ ಹೇಗಿರಬೇಕು?” ಉತ್ತರ ಬರೆಯಲು ಕುಳಿತಾಗಲೆಲ್ಲ ನಮಗೆ ಸಿಂಗಟಾಲೂರಿನ ದಾರಿಯ ಆ ಕ್ಯಾಸೆಟ್ ನೆನಪಾಗುತ್ತದೆ. ಹೊದಿಕೆ ಎಂದರೆ ಬರೀ ಅಲಂಕಾರವಲ್ಲ. ಹಾಡು ಯಾರದು ಎಂಬುದಕ್ಕೆ ಉಳಿಯುವ ಸಾಕ್ಷಿ ಅದೊಂದೇ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು, ನಮಗೆ ತಿಳಿದ ಕೆಲವು ಸಂಗತಿಗಳನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಹೊದಿಕೆ ಬೆಳೆದು ಬಂದ ದಾರಿ

ಭಾರತದಲ್ಲಿ ಗ್ರಾಮೊಫೋನ್ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ, ಕೊಲ್ಕತ್ತಾದಲ್ಲಿ. ಗೌಹರ್ ಜಾನ್ ಎಂಬ ಗಾಯಕಿ ಹಾಡು ಮುಗಿದ ಕೂಡಲೇ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ಇದಕ್ಕೆ ಕಾರಣವಿತ್ತು. ಆ ತಟ್ಟೆಗಳು ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂದು ತಿಳಿಯಬೇಕಿತ್ತು. ಹೆಸರು ತಪ್ಪಿಹೋಗಬಾರದು ಎಂಬ ಎಚ್ಚರ ಮೊದಲ ದಿನದಿಂದಲೇ ಇತ್ತು ಎಂದಾಯಿತು.

ಆ ಕಾಲದ ತಟ್ಟೆಗಳಿಗೆ ಬರೀ ಕಂದು ಕಾಗದದ ಚೀಲ. ಹಲವು ಚೀಲಗಳನ್ನು ಸೇರಿಸಿ ಫೋಟೋ ಆಲ್ಬಂನಂತೆ ಹೊಲಿದು ಮಾರುತ್ತಿದ್ದುದರಿಂದಲೇ ಹಾಡುಗಳ ಸಂಗ್ರಹಕ್ಕೆ ‘ಆಲ್ಬಂ’ ಎಂಬ ಹೆಸರು ಬಂತು. 1940ರ ಹೊತ್ತಿಗೆ ಅಮೆರಿಕದ ಕೊಲಂಬಿಯಾ ಕಂಪನಿಯಲ್ಲಿ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಯುವ ಕಲಾವಿದರು ಆ ಹೊದಿಕೆಯ ಮೇಲೆ ಚಿತ್ರ ಬರೆಯುವ ಕ್ರಮವನ್ನು ಆರಂಭಿಸಿದರು. 1948ರಲ್ಲಿ ಎಲ್.ಪಿ. ರೆಕಾರ್ಡ್ ಬಂದಾಗ ಚಿತ್ರಕ್ಕೂ ಬರಹಕ್ಕೂ ಸುಮಾರು 30 ಸೆಂ.ಮೀ. ಚೌಕದಷ್ಟು ಜಾಗ ದೊರೆಯಿತು. 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂದಾಗ ಅದು 10 ಸೆಂ.ಮೀ. ಎತ್ತರ, ಆರೂವರೆ ಸೆಂ.ಮೀ. ಅಗಲದ ಚೀಟಿಗೆ ಇಳಿಯಿತು. 1982ರಲ್ಲಿ ಸಿ.ಡಿ. ಬಂದಾಗ 12 ಸೆಂ.ಮೀ. ಚೌಕವಾಯಿತು. ಇಂದು ಮೊಬೈಲ್ ಪರದೆಯ ಮೇಲೆ ಆಲ್ಬಂ ಮುಖಪುಟ ಹೆಬ್ಬೆರಳಿನ ಉಗುರಿನಷ್ಟಿರುತ್ತದೆ. ಜಾಗ ಕಿರಿದಾದಂತೆ ಮೊದಲು ಕಾಣೆಯಾಗುವುದು ಚಿತ್ರವಲ್ಲ, ಹೆಸರುಗಳು.

ಹೆಸರಿನಿಂದ ಆಗುವ ಪ್ರಯೋಜನವೇನು ಎಂದು ಕೇಳುವವರಿಗೆ ಗದಗದಿಂದಲೇ ಒಂದು ಉದಾಹರಣೆ. 1922ರಲ್ಲಿ ಗದಗದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಬಾಲಕರಾಗಿದ್ದಾಗ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯೊಂದನ್ನು ಕೇಳಿ ಮರುಳಾದರು. 1933ರಲ್ಲಿ ಗುರುವನ್ನು ಅರಸುತ್ತಾ ಮನೆಬಿಟ್ಟು ಹೊರಟರು. ಊರೂರು ಅಲೆದು ಕೊನೆಗೆ ಕುಂದಗೋಳದಲ್ಲಿ ಅದೇ ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಬಳಿ ಸೇರಿದರು. ಕೇಳಿದ ಕಂಠ ಯಾರದೆಂದು ಗೊತ್ತಿದ್ದರೆ ಮಾತ್ರ ಇಂಥ ಹುಡುಕಾಟ ಸಾಧ್ಯ. ‘ಮತ್ತು ಸಂಗಡಿಗರು’ ಎಂಬ ವಿಳಾಸ ಹಿಡಿದು ಯಾರೂ ಯಾರ ಮನೆಯನ್ನೂ ತಲುಪಲಾರರು.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

ಡಿಸೈನರ್ ಬಳಿ ಹೋಗುವ ಮುನ್ನ ಮಂಡಳಿಯವರೆಲ್ಲ ಕುಳಿತು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ಇದನ್ನು ಕೈಯಲ್ಲಿ ಹಿಡಿಯುವವರು ಯಾರು, ಅವರು ಕೇಳುವುದು ಯಾವುದರಲ್ಲಿ? ಇಂದಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ, ಹೊಸ ಕಾರುಗಳಲ್ಲಿ ಸಿ.ಡಿ. ಹಾಕುವ ಜಾಗ ಬಹುತೇಕ ಇಲ್ಲ. ಬಿಡುಗಡೆ ಸಮಾರಂಭದ ದಿನ ಪ್ರೀತಿಯಿಂದ ಕೊಂಡವರು ಅದನ್ನು ಕಪಾಟಿನಲ್ಲಿಡುತ್ತಾರೆ, ಹಾಡನ್ನು ಮೊಬೈಲ್‌ನಲ್ಲಿ ಕೇಳುತ್ತಾರೆ. ಹಾಗೆಂದು ಸಿ.ಡಿ. ಬೇಡವೆಂದಲ್ಲ. ಹಿರಿಯರ ಮನೆಗಳಲ್ಲಿ ಪ್ಲೇಯರ್ ಇನ್ನೂ ಇದೆ. ಗಲ್ಫ್‌ನಿಂದ ರಜೆಗೆ ಬಂದವರಿಗೆ ಊರಿಗೊಂದು ನೆನಪಿನ ಕಾಣಿಕೆ ಬೇಕು. ಆದರೆ ಸಂಖ್ಯೆಯನ್ನು ಮೊದಲೇ ಲೆಕ್ಕ ಹಾಕಬೇಕು. ಕಾರ್ಖಾನೆಯಲ್ಲಿ ಅಚ್ಚೊತ್ತಿಸುವುದಾದರೆ ಸಾಮಾನ್ಯವಾಗಿ ಕನಿಷ್ಠ 500 ಅಥವಾ 1000 ಪ್ರತಿ ಮಾಡಿಸಬೇಕಾಗುತ್ತದೆ. ನೂರಿನ್ನೂರು ಸಾಕಾದರೆ ಖಾಲಿ ತಟ್ಟೆಗೆ ಕಂಪ್ಯೂಟರ್ ಮೂಲಕ ನಕಲು ಮಾಡಿಸಬಹುದು. ದಾನಿಗಳ ಹಣ ಸ್ಟೋರ್ ರೂಮಿನಲ್ಲಿ ಪೆಟ್ಟಿಗೆಗಟ್ಟಲೆ ಧೂಳು ಹಿಡಿಯುವುದಕ್ಕಿಂತ ಸ್ವಲ್ಪ ಕಡಿಮೆ ಮಾಡಿಸಿ ಮತ್ತೆ ಮಾಡಿಸುವುದೇ ಮೇಲು.

ಹೊದಿಕೆಯ ಬಗೆಗಳು

1. ಜ್ಯೂವೆಲ್ ಕೇಸ್: ಎಲ್ಲರಿಗೂ ಪರಿಚಿತವಾದ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ. ಅಳತೆ 142 × 125 ಮಿ.ಮೀ., ದಪ್ಪ 10 ಮಿ.ಮೀ. ಮುಂದೆ ಸುಮಾರು 120 ಮಿ.ಮೀ. ಚೌಕದ ಕಿರುಪುಸ್ತಕ ಕೂರುತ್ತದೆ. ಹಿಂದಿನ ಕಾಗದ 151 × 118 ಮಿ.ಮೀ.; ಇದರ ಎರಡೂ ಬದಿಗಳಲ್ಲಿ ಮಡಚುವ ಆರೂವರೆ ಮಿ.ಮೀ. ಅಗಲದ ಪಟ್ಟಿಯಲ್ಲಿ ಆಲ್ಬಂ ಹೆಸರು ಬರುತ್ತದೆ. ಸಾಲಾಗಿ ಜೋಡಿಸಿಟ್ಟರೂ ಹೆಸರು ಕಾಣುವುದು ಇದರ ದೊಡ್ಡ ಅನುಕೂಲ. ಮುರಿದರೆ ಪೆಟ್ಟಿಗೆಯನ್ನು ಮಾತ್ರ ಬದಲಿಸಬಹುದು. ಕೊರತೆಯೆಂದರೆ ಕೀಲು ಬೇಗ ಮುರಿಯುತ್ತದೆ, ಅಂಚೆಯಲ್ಲಿ ಕಳುಹಿಸಿದರೆ ಒಡೆಯುತ್ತದೆ.

2. ತೆಳು ಕೇಸ್: ದಪ್ಪ ಅರ್ಧದಷ್ಟು, ಬೆಲೆಯೂ ಕಡಿಮೆ. ಆದರೆ ಹಿಂದಿನ ಕಾಗದಕ್ಕೂ ಬದಿಯ ಹೆಸರಿಗೂ ಜಾಗವಿಲ್ಲ. ಒಂದೆರಡು ಹಾಡುಗಳ ಸಣ್ಣ ಸಂಗ್ರಹಕ್ಕೆ ಸಾಕು.

3. ರಟ್ಟಿನ ಲಕೋಟೆ: ಹಗುರ, ಅಗ್ಗ, ಅಂಚೆಗೆ ಸುಲಭ, ಪ್ಲಾಸ್ಟಿಕ್ ಇಲ್ಲ. ತಟ್ಟೆಯನ್ನು ಹೊರಗೆಳೆದು ಒಳಗೆ ಹಾಕುವಾಗ ಗೀರು ಬೀಳುತ್ತದೆ. ಎರಡು ಮಡಿಕೆಯ ಲಕೋಟೆ ಮಾಡಿಸಿದರೆ ಒಂದು ಬದಿಯಲ್ಲಿ ತಟ್ಟೆ, ಇನ್ನೊಂದರಲ್ಲಿ ಸಾಹಿತ್ಯದ ಕಿರುಪುಸ್ತಕ ಇಡಬಹುದು.

4. ಡಿಜಿಪ್ಯಾಕ್: ಪುಸ್ತಕದಂತೆ ತೆರೆಯುವ ರಟ್ಟು, ಒಳಗೆ ಅಂಟಿಸಿದ ಪ್ಲಾಸ್ಟಿಕ್ ತಟ್ಟೆ. ನೋಡಲು ಅಂದ. ಆದರೆ ನಡುವಿನ ಹಲ್ಲು ಮುರಿದರೆ ಬದಲಿಸಲಾಗದು, ಅಂಚುಗಳು ಬೇಗ ಸವೆಯುತ್ತವೆ.

5. ತಟ್ಟೆಯಿಲ್ಲದ ಆಲ್ಬಂ: ಈಗ ಕೆಲವರು ಹಾಡುಗಳನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ರಟ್ಟಿನ ಕಾರ್ಡಿಗೆ ಸಿಕ್ಕಿಸಿ ಕೊಡುತ್ತಾರೆ. ಇನ್ನು ಕೆಲವರು ಸಾಹಿತ್ಯ, ಸ್ವರಲಿಪಿ ಇರುವ ಪುಸ್ತಕವನ್ನಷ್ಟೇ ಅಚ್ಚುಹಾಕಿಸಿ ಪ್ರತಿ ಹಾಡಿನ ಪಕ್ಕ ಕ್ಯೂ.ಆರ್. ಸಂಕೇತ ಮುದ್ರಿಸುತ್ತಾರೆ. ಗಾಯನ ಮಂಡಳಿಗಳಿಗೆ ಇದು ಬಹಳ ಉಪಯುಕ್ತ. ಕೇಳುವ ಯಂತ್ರ ಬದಲಾದರೂ ಹಾಡಲು ಪುಸ್ತಕ ಬೇಕೇ ಬೇಕು.

ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ. ಆಷಾಢದಲ್ಲಿ ನಮ್ಮ ಪ್ರಾರ್ಥನಾ ಪುಸ್ತಕಗಳಿಗೆ ಬೂಷ್ಟು ಹಿಡಿಯುವುದನ್ನು ಎಲ್ಲರೂ ಕಂಡಿದ್ದೇವೆ. ರಟ್ಟಿನ ಹೊದಿಕೆಗೂ ಅದೇ ಗತಿ. ಹೊರಮೈಗೆ ಲ್ಯಾಮಿನೇಶನ್ ಮಾಡಿಸದೆ ಇಲ್ಲಿ ರಟ್ಟು ಬಳಸಬಾರದು. ಮುಂಡರಗಿ ಕಡೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ಅಲ್ಲಿ ರಟ್ಟಿಗೆ ತೊಂದರೆಯಿಲ್ಲ, ತೊಂದರೆ ಕೊಡುವುದು ಎರೆಮಣ್ಣಿನ ಧೂಳು. ಅಲ್ಲಿಗೆ ಮುಚ್ಚಿದ ಪೆಟ್ಟಿಗೆಯೇ ಸೂಕ್ತ. ಒಂದೇ ಹೊದಿಕೆ ಎಲ್ಲ ಊರಿಗೂ ಒಗ್ಗುವುದಿಲ್ಲ.

ಕಾನೂನು ಏನು ಕೇಳುತ್ತದೆ

ಹೊದಿಕೆಯ ಮೇಲೆ ಏನಿರಬೇಕೆಂದು ಕಾನೂನು ಹೇಳಿದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ 52ಎ ಕಲಂ ಪ್ರಕಾರ ಧ್ವನಿಮುದ್ರಣದ ಮೇಲೂ ಅದರ ಹೊದಿಕೆಯ ಮೇಲೂ ಮೂರು ವಿವರಗಳು ಇರಲೇಬೇಕು: ಧ್ವನಿಮುದ್ರಣ ಮಾಡಿದವರ ಹೆಸರು ಮತ್ತು ವಿಳಾಸ, ಹಕ್ಕುದಾರರ ಹೆಸರು ಮತ್ತು ವಿಳಾಸ, ಮೊದಲು ಪ್ರಕಟವಾದ ವರ್ಷ. ಇದನ್ನು ಪಾಲಿಸದಿದ್ದರೆ 68ಎ ಕಲಂ ಪ್ರಕಾರ ಮೂರು ವರ್ಷಗಳವರೆಗೆ ಜೈಲು ಮತ್ತು ದಂಡಕ್ಕೆ ಅವಕಾಶವಿದೆ. ಆದ್ದರಿಂದ ‘ಪ್ರಕಾಶಕರು: ಗಾಯನ ಮಂಡಳಿ’ ಎಂದಷ್ಟೇ ಬರೆದರೆ ಸಾಲದು.

ಈ ಮೂರರಲ್ಲಿ ಹಾಡಿದವರ ಹೆಸರು ಇಲ್ಲ ಎಂಬುದನ್ನು ಗಮನಿಸಿ. ನಾವು ಕೊಂಡ ಕ್ಯಾಸೆಟ್ ಮೇಲೆ ಈ ಮೂರನ್ನೂ ಪೂರ್ತಿಯಾಗಿ ಮುದ್ರಿಸಿದ್ದರೂ ಆ ಹೆಣ್ಣುಮಗಳ ಹೆಸರು ಸಿಗುತ್ತಿರಲಿಲ್ಲ. 2012ರ ತಿದ್ದುಪಡಿಯಲ್ಲಿ ಸೇರಿದ 38ಬಿ ಕಲಂ, ಹಾಡಿದವರು ಅಥವಾ ನುಡಿಸಿದವರು ತಮ್ಮ ಹೆಸರು ಹೇಳಬೇಕೆಂದು ಕೇಳುವ ಹಕ್ಕನ್ನು ಕೊಟ್ಟಿದೆ. ಆದರೆ ಹಳ್ಳಿಯ ಹಾಡುಗಾರ್ತಿಯಾಗಲಿ, ನಮ್ಮ ಮಂಡಳಿಯ ಹುಡುಗನಾಗಲಿ ಕಾನೂನು ಹಿಡಿದು ಬಂದು ಕೇಳುವುದಿಲ್ಲ. ಕೇಳುವ ಮೊದಲೇ ಕೊಡುವುದು ನಮ್ಮ ಕರ್ತವ್ಯ.

ಸಾಹಿತ್ಯದ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಬರೆದವರು ತೀರಿಕೊಂಡ ವರ್ಷದ ನಂತರ 60 ವರ್ಷಗಳವರೆಗೆ ಸಾಹಿತ್ಯದ ಹಕ್ಕು ಉಳಿದಿರುತ್ತದೆ. ಉದಾಹರಣೆಗೆ ನಮ್ಮ ಅನೇಕ ಚರ್ಚ್‌ಗಳಲ್ಲಿ ಹಾಡುವ ‘ಕರುಣಾಳು ಬಾ ಬೆಳಕೆ’. ಮೂಲ ಇಂಗ್ಲಿಷ್ ಗೀತೆ 1833ರಲ್ಲಿ ಜಾನ್ ಹೆನ್ರಿ ನ್ಯೂಮನ್ ಬರೆದದ್ದು. ಮುಂದೆ ಕಾರ್ಡಿನಲ್ ಆದ ಅವರನ್ನು 2019ರಲ್ಲಿ ಸಂತರೆಂದು ಘೋಷಿಸಲಾಯಿತು. ಅದನ್ನು ಕನ್ನಡಕ್ಕೆ ತಂದವರು ಬಿ.ಎಂ. ಶ್ರೀಕಂಠಯ್ಯನವರು. ಅವರು 1946ರಲ್ಲಿ ತೀರಿಕೊಂಡರು. ಆದ್ದರಿಂದ ಸಾಹಿತ್ಯದ ಹಕ್ಕು 2006ರ ಕೊನೆಗೆ ಮುಗಿದಿದೆ, ಯಾರೂ ಹಾಡಿ ಪ್ರಕಟಿಸಬಹುದು. ಹಾಗೆಂದು ಇನ್ನೊಬ್ಬರು ಹೊಸದಾಗಿ ಹಾಕಿದ ರಾಗವನ್ನಾಗಲಿ, ಅವರ ಧ್ವನಿಮುದ್ರಣವನ್ನಾಗಲಿ ಕೇಳದೆ ಬಳಸುವಂತಿಲ್ಲ. ಹಕ್ಕು ಮುಗಿದರೂ ಹೆಸರಿನ ಋಣ ಮುಗಿಯುವುದಿಲ್ಲ. ನ್ಯೂಮನ್ ಮತ್ತು ಬಿ.ಎಂ.ಶ್ರೀ. ಎರಡೂ ಹೆಸರುಗಳು ಕಿರುಪುಸ್ತಕದಲ್ಲಿ ಬರಬೇಕು.

ಜನಪ್ರಿಯ ಚಿತ್ರಗೀತೆಯ ರಾಗಕ್ಕೆ ಭಕ್ತಿಯ ಪದಗಳನ್ನು ಜೋಡಿಸುವ ಅಭ್ಯಾಸ ಕೆಲವೆಡೆ ಇದೆ. ಇದಕ್ಕೆ ಹಕ್ಕುದಾರರ ಲಿಖಿತ ಅನುಮತಿ ಬೇಕು. ಹಳೆಯ ಹಾಡನ್ನೇ ಮತ್ತೆ ಹಾಡಿ ಮಾರಲು 31ಸಿ ಕಲಂನಲ್ಲಿ ಬೇರೊಂದು ದಾರಿ ಇದೆಯಾದರೂ, ಮೊದಲ ಧ್ವನಿಮುದ್ರಣವಾಗಿ ಐದು ಕ್ಯಾಲೆಂಡರ್ ವರ್ಷ ಕಳೆದಿರಬೇಕು, ಪ್ರತಿ ಕೃತಿಗೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಧನ ಕಟ್ಟಬೇಕು, ಹೊದಿಕೆಯ ಮೇಲೆ ಇದು ಮರುಗಾಯನ ಎಂದು ತಿಳಿಸಬೇಕು, ಮೂಲ ಗಾಯಕರ ಹೆಸರು ಅಥವಾ ಚಿತ್ರ ಹಾಕಿ ಜನರನ್ನು ದಾರಿತಪ್ಪಿಸಬಾರದು. ಗಾಯನ ಮಂಡಳಿಗೆ ಇದು ನಿಲುಕುವ ದಾರಿಯಲ್ಲ. ನಮ್ಮದೇ ರಾಗ, ನಮ್ಮದೇ ಪದ ಎಂದರೆ ನಿಶ್ಚಿಂತೆ.

ಒಂದು ತಪ್ಪು, ನಮ್ಮದೇ

ಕೆಲವು ವರ್ಷಗಳ ಹಿಂದೆ ನಾವು ಸೇವೆಯಲ್ಲಿದ್ದ ಒಂದು ಧರ್ಮಕೇಂದ್ರದಲ್ಲಿ ಹತ್ತು ಹಾಡುಗಳ ಸಿ.ಡಿ. ಹೊರತಂದೆವು. ಎಂಟು ಪುಟಗಳ ಕಿರುಪುಸ್ತಕ. ಅದರಲ್ಲಿ ಸಂದೇಶಗಳಿಗೆ ಮೂರು ಪುಟ, ದಾನಿಗಳ ಭಾವಚಿತ್ರಗಳಿಗೆ ಎರಡು. ಸಂದೇಶ ಬರೆದವರಲ್ಲಿ ನಾವೂ ಒಬ್ಬರು. ಕೊನೆಯಲ್ಲಿ ಜಾಗ ಸಾಲದೆ ಹಾಡಿದವರ, ನುಡಿಸಿದವರ ಪಟ್ಟಿಯನ್ನು ತೆಗೆದು ‘ಧರ್ಮಕೇಂದ್ರದ ಗಾಯನ ಮಂಡಳಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದೆವು. ಯಾರೂ ಆಕ್ಷೇಪಿಸಲಿಲ್ಲ.

ಆ ಮಂಡಳಿಯಲ್ಲಿ ಒಬ್ಬ ಹಿರಿಯ ವಯೊಲಿನ್ ವಾದಕರಿದ್ದರು. ಹತ್ತರಲ್ಲಿ ನಾಲ್ಕು ಹಾಡುಗಳಿಗೆ ರಾಗ ಹಾಕಿದವರೂ ಅವರೇ. ಎರಡು ವರ್ಷಗಳ ಬಳಿಕ ಅವರು ತೀರಿಕೊಂಡರು. ಏಳನೆಯ ದಿನದ ಪೂಜೆ ಮುಗಿದ ಮೇಲೆ ಅವರ ಮಗಳು ಆ ಸಿ.ಡಿ. ಹಿಡಿದು ಬಂದು, “ಇದರಲ್ಲಿ ಅಪ್ಪನ ಹೆಸರು ಎಲ್ಲಿದೆ ಫಾದರ್, ಮಕ್ಕಳಿಗೆ ತೋರಿಸಬೇಕಿತ್ತು” ಎಂದು ಕೇಳಿದರು. ತೋರಿಸಲು ಏನೂ ಇರಲಿಲ್ಲ. ಪೆನ್ನು ತೆಗೆದುಕೊಂಡು ನಾಲ್ಕು ಹಾಡುಗಳ ಮುಂದೆ ಅವರ ಹೆಸರನ್ನು ನಾವೇ ಬರೆದುಕೊಟ್ಟೆವು. ಉಳಿದ ಪ್ರತಿಗಳೆಲ್ಲ ಮನೆಮನೆಗಳಲ್ಲಿ ಹಾಗೆಯೇ ಇವೆ.

ಸಿಂಗಟಾಲೂರಿನ ದಾರಿಯಲ್ಲಿ ಬೇರೆಯವರ ತಪ್ಪೆಂದು ಕಂಡದ್ದನ್ನು ನಾವೂ ಮಾಡಿದ್ದೆವು. ಆದ್ದರಿಂದ ನಮ್ಮ ಮೊದಲ ಸಲಹೆ: ಡಿಸೈನರ್‌ಗೆ ಚಿತ್ರ ಕೊಡುವ ಮುನ್ನ ಹೆಸರಿನ ಪಟ್ಟಿ ಕೊಡಿ. ಪ್ರತಿ ಹಾಡಿನ ಕೆಳಗೆ ಸಾಹಿತ್ಯ, ರಾಗ ಸಂಯೋಜನೆ, ಗಾಯನ, ವಾದ್ಯ ಇಷ್ಟೂ ಬರಲಿ. ವಿಲ್ಫಿ ರೆಬಿಂಬಸ್ ಅವರಂತೆ ತಾವೇ ಬರೆದು, ರಾಗ ಹಾಕಿ, ಹಾಡುವವರಾದರೆ ಒಂದು ಹೆಸರು ಸಾಕಾದೀತು. ಇಪ್ಪತ್ತು ಮಂದಿ ಹಾಡಿದ ಕಡೆ ಇಪ್ಪತ್ತು ಹೆಸರುಗಳೂ ಬೇಕು. ಆಮೇಲೆ ಉಳಿದ ಜಾಗದಲ್ಲಿ ಸಂದೇಶ, ಭಾವಚಿತ್ರ. ಧರ್ಮಗುರುಗಳ ಭಾವಚಿತ್ರ ದೊಡ್ಡದಾದಷ್ಟೂ ಹಾಡು ಇಂಪಾಗುವುದಿಲ್ಲ ಎಂಬುದನ್ನು ನಾವು ಅನುಭವದಿಂದ ಹೇಳಬಲ್ಲೆವು.

ಮುದ್ರಣಕ್ಕೆ ಮುನ್ನ

* ಕಿರುಪುಸ್ತಕದ ಪುಟಗಳು ನಾಲ್ಕರ ಲೆಕ್ಕದಲ್ಲಿರಲಿ: 4, 8, 12, 16. ಹತ್ತು ಹಾಡುಗಳ ಸಾಹಿತ್ಯಕ್ಕೆ 12 ಪುಟ ಬೇಕಾಗುತ್ತದೆ.

* ಅಕ್ಷರ ತೀರಾ ಸಣ್ಣದಾಗದಿರಲಿ. ಕನ್ನಡದ ಒತ್ತಕ್ಷರಗಳು 8 ಪಾಯಿಂಟ್‌ಗಿಂತ ಕಡಿಮೆಯಾದರೆ ಹಿರಿಯರಿಗೆ ಓದಲಾಗದು. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಸಾಹಿತ್ಯ ಬೇಡ.

* ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಹಾಗೆಯೇ ಪ್ರೆಸ್ಸಿಗೆ ಕಳುಹಿಸಿದರೆ ಅಲ್ಲಿ ಅರ್ಕಾವತ್ತು, ಒತ್ತುಗಳು ಚೆಲ್ಲಾಪಿಲ್ಲಿಯಾಗಬಹುದು. ಅಕ್ಷರಗಳನ್ನು ರೇಖಾಚಿತ್ರವಾಗಿ ಪರಿವರ್ತಿಸಿ ಕಳುಹಿಸಲು ಡಿಸೈನರ್‌ಗೆ ಹೇಳಿ.

* ಚಿತ್ರಗಳು ಇಂಚಿಗೆ 300 ಚುಕ್ಕೆಗಳಷ್ಟು ಸ್ಪಷ್ಟವಾಗಿರಲಿ. ಸುತ್ತಲೂ 3 ಮಿ.ಮೀ. ಹೆಚ್ಚು ಬಿಡಿ, ಕತ್ತರಿಸುವಾಗ ಬೇಕಾಗುತ್ತದೆ. ಅಂತರ್ಜಾಲದಿಂದ ಸಿಕ್ಕಿದ ಚಿತ್ರವನ್ನು ಕೇಳದೆ ಹಾಕಬೇಡಿ. ನಿಮ್ಮ ಊರಿನ ಛಾಯಾಗ್ರಾಹಕರಿಂದ ತೆಗೆಸಿ, ಅವರ ಹೆಸರನ್ನೂ ಹಾಕಿ.

* ಮೊಬೈಲ್‌ಗೆ ಹಾಕುವ ಮುಖಪುಟ 3000 × 3000 ಪಿಕ್ಸೆಲ್ ಚೌಕವಿರಲಿ. ಅದನ್ನು ಅಂಚೆಚೀಟಿಯಷ್ಟು ಚಿಕ್ಕದು ಮಾಡಿ ನೋಡಿ. ಆಲ್ಬಂ ಹೆಸರು ಓದಲು ಬಂದರೆ ಡಿಸೈನ್ ಸರಿಯಿದೆ.

* ಸ್ವಂತ ನಕಲು ಮಾಡಿದ ತಟ್ಟೆಗೆ ಕಾಗದದ ಚೀಟಿ ಅಂಟಿಸಬೇಡಿ. ತಿರುಗುವಾಗ ತೂಕ ಏರುಪೇರಾಗುತ್ತದೆ, ಬಿಸಿಗೆ ಎದ್ದುಬಂದು ಪ್ಲೇಯರ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.

* ಕರಡನ್ನು ಕಾಗದದ ಮೇಲೆ ಅಚ್ಚುಹಾಕಿಸಿ, ಮಡಚಿ, ಪೆಟ್ಟಿಗೆಯಲ್ಲಿಟ್ಟು ನೋಡಿ. ಹೆಸರಿನ ಪುಟವನ್ನು ಇಡೀ ಮಂಡಳಿಗೆ ಓದಲು ಕೊಡಿ. ತಮ್ಮ ಹೆಸರಿನ ಕಾಗುಣಿತವನ್ನು ಅವರಿಗಿಂತ ಚೆನ್ನಾಗಿ ಯಾರೂ ತಿದ್ದಲಾರರು.

ಓದಲಾಗದವರಿಗೂ

ಕೊನೆಯದಾಗಿ ಮತ್ತೆ ಗದಗಕ್ಕೆ ಬರೋಣ. ಪಂಚಾಕ್ಷರಿ ಗವಾಯಿಗಳೂ 2010ರಲ್ಲಿ ತೀರಿಕೊಂಡ ಪುಟ್ಟರಾಜ ಗವಾಯಿಗಳೂ ಅಂಧರಾಗಿದ್ದರು. ಅವರ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಎಷ್ಟೋ ಮಕ್ಕಳು ಸಂಗೀತ ಕಲಿತರು. ಅಂಥವರ ಕೈಗೆ ನಮ್ಮ ಅಂದವಾದ ಹೊದಿಕೆ ಕೊಟ್ಟರೆ ಅದು ಬರೀ ನುಣುಪಾದ ಕಾಗದ. ನಮ್ಮ ಧರ್ಮಕೇಂದ್ರಗಳಲ್ಲಿಯೂ ದೃಷ್ಟಿ ಮಂದವಾದ ಹಿರಿಯರು ಬಹಳ ಮಂದಿ ಇದ್ದಾರೆ. ಅವರಿಗಾಗಿ ಆಲ್ಬಂನ ಕೊನೆಯಲ್ಲಿ ಎರಡು ನಿಮಿಷ ಮೀಸಲಿಟ್ಟು, ಬರೆದವರ, ರಾಗ ಹಾಕಿದವರ, ಹಾಡಿದವರ, ನುಡಿಸಿದವರ ಹೆಸರುಗಳನ್ನು ಒಬ್ಬರು ಸ್ಪಷ್ಟವಾಗಿ ಓದಿ ಧ್ವನಿಮುದ್ರಿಸಲಿ. ಗೌಹರ್ ಜಾನ್ 1902ರಲ್ಲಿ ಮಾಡಿದ್ದೂ ಇದನ್ನೇ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಹೊದಿಕೆ ಹರಿದರೂ ಕಳೆದರೂ ಹೆಸರು ಹಾಡಿನ ಜೊತೆಗೇ ಹೋಗುತ್ತದೆ.

ಈ ವರ್ಷ ಆಲ್ಬಂ ಹೊರತರಲು ಸಿದ್ಧತೆ ನಡೆಸುತ್ತಿರುವ ಎಲ್ಲ ಗಾಯನ ಮಂಡಳಿಗಳಿಗೂ ನಮ್ಮ ಶುಭಾಶಯಗಳು. ಮುದ್ರಣಕ್ಕೆ ಕೊಡುವ ಮುನ್ನ ಒಮ್ಮೆ ಪಟ್ಟಿ ನೋಡಿಕೊಳ್ಳಿ. ಎಲ್ಲಿಯಾದರೂ ‘ಮತ್ತು ಸಂಗಡಿಗರು’ ಎಂದು ಕಂಡರೆ ಅದನ್ನು ಹೊಡೆದುಹಾಕಿ, ಆ ಸಂಗಡಿಗರ ಹೆಸರುಗಳನ್ನು ಬರೆಯಿರಿ.